ಮೂರು ಕಾಲಿನ ಓಟ

ಗುರುವಾರ, ಹದಿನಾಲ್ಕನೇ ತಾರೀಖು.

ಈ ಮನೆಯ ಯಜಮಾನಿ ನಾನು. ನನ್ನ ಮಾತು ಮೀರಿ ಇಲ್ಲಿ ಒಲೆಯೂ ಉರಿಯುವುದಿಲ್ಲ. ಆದರೂ ಶನಿವಾರ ಶಾಲೆಯಲ್ಲಿ ನಡೆಯುವ ಮೂರು ಕಾಲಿನ ಓಟಕ್ಕೆ ಮೊಮ್ಮಗಳು ಜೊತೆಗೆ ಕರೆದದ್ದು ಬೀಗಿತಿಯನ್ನು.

"ಆ ಅಜ್ಜಿ ಬಿದ್ರೆ ನಗ್ತಾರೆ. ನೀವು ಬಿದ್ರೆ ನನ್ನನ್ನೇ ಬೈತೀರ," ಎಂದಳು.

ಜಡೆ ಹಾಕಲು, ಮಗ್ಗಿ ಬಾಯಿಪಾಠ ಮಾಡಿಸಲು ನಾನು. ಕಾಲು ಕಟ್ಟಿಕೊಂಡು ಓಡಲು ಬೀಗಿತಿ! ಮಧ್ಯಾಹ್ನದ ಊಟವೂ ಸೇರಲಿಲ್ಲ.

ಸಂಜೆ ಮೊಮ್ಮಗಳನ್ನು ಶಾಲೆಯಿಂದ ಕರೆತರಲು ಹೋದಾಗ ಟೀಚರ್ ಪೇಚಾಡುತ್ತಿದ್ದರು. ಅವಳ ತರಗತಿಯ ಒಬ್ಬ ಹುಡುಗಿಗೆ ಜೊತೆಯಾಗಿ ಓಡಲು ಮನೆಯವರು ಯಾರೂ ಬರುವುದಿಲ್ಲವಂತೆ.

"ನಾನಿದ್ದೀನಲ್ಲ, ಬರ್ಕೊಳ್ಳಿ," ಎಂದೆ.

"ಅಜ್ಜಿ, ನಿಮ್ಮ ಮೊಮ್ಮಗಳ ಎದುರೇ ಓಡ್ತೀರಾ?"

ಮೊಮ್ಮಗಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ಬೀಗಿತಿ ನನ್ನ ಬೆನ್ನು ನೋಡಿಕೊಂಡೇ ಓಡಲಿ ಎಂದು ಆ ಹುಡುಗಿಯ ಹೆಸರಿನ ಮುಂದೆ ಸಹಿ ಹಾಕಿ ಬಂದೆ.