ನೀಲಿ ಬಟ್ಟೆಗೆ ಕತ್ತರಿ ಹಾಕುವ ಮುನ್ನ

ಮನೆಯಿಂದ,
ಜೂನ್ ೧೪, ಭಾನುವಾರ, ಊಟವಾದ ಮೇಲೆ

ಪ್ರೀತಿಯ ಮಗಳೇ,

ಹೇಗಿದ್ದೀಯ? ನಿನ್ನ ಸೊಂಟ ಹೇಗಿದೆ? ನೀನು ನೋಡಿಕೊಳ್ಳುವ ಆ ಅಜ್ಜಿಯನ್ನು ಎತ್ತಿ ಕೂರಿಸುವಾಗ ಆ ಮನೆಯವರು ಯಾರಾದರೂ ಕೈ ಜೋಡಿಸುತ್ತಾರೋ, ಎಲ್ಲವೂ ನಿನ್ನ ತಲೆಯ ಮೇಲೆಯೋ? ಈಗಲೂ ನಿನ್ನನ್ನು ತಮ್ಮ ತಂಗಿ ಅಂದುಕೊಂಡು ಬೈಯುತ್ತಾರಾ? ಬೈಯಲಿ ಬಿಡು. ಬೈಯುವಷ್ಟು ಶಕ್ತಿ ಇದೆ ಅಂದರೆ ನಿನ್ನ ಆರೈಕೆ ಚೆನ್ನಾಗಿದೆ ಅಂತಲೇ ಅರ್ಥ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಸಕ್ಕರೆ ಕಾಯಿಲೆ ಅದರ ಪಾಡಿಗೆ ಅದಿದೆ, ನನ್ನ ಪಾಡಿಗೆ ನಾನಿದ್ದೇನೆ. ಹೊಲಿಗೆ ಮಿಷನ್ ಮಾತ್ರ ನಡುನಡುವೆ ತನ್ನಿಷ್ಟಕ್ಕೆ ನಿಂತುಬಿಡುತ್ತಿತ್ತು. ಬೆಲ್ಟ್ ಬದಲಾಯಿಸಿದೆ, ಎಣ್ಣೆ ಬಿಟ್ಟೆ. ರಿಪೇರಿಯವನು ಬಂದು ಅದಕ್ಕೇನೂ ಆಗಿಲ್ಲ ಅಂದ. ಚೆನ್ನಾಗಿ ಜಗಳವಾಡಿ ಕಳಿಸಿದೆ.

ಕೈಯಲ್ಲಿ ಫೋನ್ ಇಟ್ಟುಕೊಂಡು ಅಪ್ಪ ಕಾಗದ ಬರೆಯುತ್ತಿದ್ದಾನಲ್ಲ ಅಂತ ನಗಬೇಡ. ಫೋನಿನಲ್ಲಿ ನಾನು ಬಾಯಿ ತೆರೆಯುವ ಮೊದಲೇ ನೀನು “ಬೇಡ ಅಪ್ಪಾ” ಅನ್ನುತ್ತೀಯ. ಕಾಗದಕ್ಕೆ ಅಡ್ಡಬಾಯಿ ಹಾಕಲು ನಿನ್ನಿಂದಾಗದು. ಆದ್ದರಿಂದ ಕೂತು ಪೂರ್ತಿ ಓದು. ನಿನ್ನ ಮಗಳ ವಿಷಯ. ತರಬೇತಿ ಕೇಂದ್ರದವರು ಅವಳನ್ನು ಆಸ್ಪತ್ರೆಯ ಒಂದೊಂದು ವಿಭಾಗಕ್ಕೂ ಸ್ವಲ್ಪ ಸ್ವಲ್ಪ ದಿನ ಕಳಿಸಿ ರುಚಿ ತೋರಿಸಿದ್ದಾರೆ. ಇನ್ನು ಈ ತಿಂಗಳು ಮುಗಿಯುವುದರೊಳಗೆ ಅವಳು ಒಂದನ್ನು ಆರಿಸಿಕೊಂಡು ಹೇಳಬೇಕು. ಆರಿಸಿಕೊಂಡಾಗಿದೆ. ಆದರೆ ನೀನು ಹೂಂ ಅನ್ನದೆ ಅಲ್ಲಿ ಬಾಯಿ ಬಿಡುವುದಿಲ್ಲ ಅಂತ ಹಟ ಹಿಡಿದು ಕೂತಿದ್ದಾಳೆ. ಆ ಹಟ ಯಾರ ಕಡೆಯಿಂದ ಬಂತು ಅಂತ ನಾನು ಹೇಳಬೇಕಾಗಿಲ್ಲ.

ಔಷಧಿ ಅಂಗಡಿಯ ಕೌಂಟರ್ ಅವಳಿಗೆ ಹಿಡಿಸಲಿಲ್ಲ. ಜನ ಚೀಟಿ ಕೊಡುತ್ತಾರೆ, ಪೊಟ್ಟಣ ತಗೊಂಡು ಹೋಗುತ್ತಾರೆ, ಮುಖ ನೋಡುವಷ್ಟೂ ಹೊತ್ತಿಲ್ಲ ಅಂದಳು. ನೀನು ಆಸೆಪಟ್ಟ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಅವಳ ಕೈ ಬಹಳ ಚೆನ್ನಾಗಿತ್ತಂತೆ, ಸೂಜಿ ಹಾಕಿದ್ದೇ ತಿಳಿಯುವುದಿಲ್ಲವಂತೆ. ಅದನ್ನು ಕೇಳಿ ಹಿಗ್ಗಿ ಹೀರೇಕಾಯಿಯಾಗಿ ನಾನು ತಕ್ಷಣ ಬಿಳಿ ಕೋಟು ಹೊಲಿದುಬಿಟ್ಟೆ. ಕೋಟು ಮುಗಿದ ದಿನವೇ ಮನೆಗೆ ಬಂದು, “ತಾತ, ರಕ್ತ ತಗೊಂಡು ಕಳಿಸಿಬಿಡ್ತೀವಿ. ಆಮೇಲೆ ಅವರಿಗೇನಾಯ್ತು ಅಂತ ನಮಗೆ ಗೊತ್ತೇ ಆಗಲ್ಲ” ಅಂತ ಮುಖ ಸಣ್ಣ ಮಾಡಿದಳು. ಹೋಗಲಿ, ಕೋಟು ದಂಡವಾಗಲಿಲ್ಲ. ನಾನೇ ಹಾಕಿಕೊಂಡು ಹೊಲಿಯಲು ಕೂರುತ್ತೇನೆ. ಮೊನ್ನೆ ರವಿಕೆಯ ಅಳತೆ ಕೊಡಲು ಬಂದ ಒಬ್ಬ ಹೆಂಗಸು ಸುಮ್ಮನೆ ಕೈ ಚಾಚಿ, ಬಿ.ಪಿ. ನೋಡ್ತೀರಾ ಅಂದಳು.

ಅವಳು ಆರಿಸಿಕೊಂಡದ್ದು ವಾರ್ಡನ್ನು. ರೋಗಿಗಳಿಗೆ ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಊಟ ಮಾಡಿಸುವುದು, ನಡೆಸುವುದು. ಅಂದರೆ ನಿನ್ನದೇ ಕೆಲಸ. ಹೊರಡುವ ದಿನ ನೀನು ಬಾಗಿಲಲ್ಲಿ ನಿಂತು, “ನನ್ನ ಸೊಂಟ ಹೋಗಿದ್ದು ಸಾಕಪ್ಪಾ, ಅವಳದ್ದಾದ್ರೂ ಉಳೀಲಿ” ಅಂದದ್ದನ್ನು ನಾನು ಮರೆತಿಲ್ಲ. ಅವಳೂ ಮರೆತಿಲ್ಲ.

ವಾರ್ಡಿನಲ್ಲಿ ಅವಳ ಮೊದಲ ಕೆಲಸ ಒಬ್ಬ ಬಸ್ ಡ್ರೈವರಿಗೆ ಕ್ಷೌರ ಮಾಡುವುದು. ಪಾಪ, ಬಲಗೈ ಮುರಿದು, ಕಾಲಿಗೆ ಆಪರೇಷನ್ ಆಗಿ ಮಲಗಿದ್ದರು. ಇವಳು ಗಲ್ಲ ನುಣ್ಣಗೆ ಮಾಡುವ ಭರದಲ್ಲಿ ಅರ್ಧ ಮೀಸೆ ಎಗರಿಸಿಬಿಟ್ಟಳು! ಇನ್ನೇನು ಮಾಡುತ್ತಾರೆ, ಉಳಿದರ್ಧವನ್ನೂ ತೆಗೆಯಬೇಕಾಯಿತು. ಸಂಜೆ ಅವರ ಹೆಂಡತಿ ಬಂದವರು ಆ ಮಂಚವನ್ನು ದಾಟಿ ಮುಂದೆ ಹೋಗಿ, ನಮ್ಮವರನ್ನ ಯಾವ ವಾರ್ಡಿಗೆ ಹಾಕಿದ್ರಿ ಅಂತ ಹಿರಿಯ ನರ್ಸನ್ನು ಕೇಳಿದರಂತೆ. ಇಡೀ ವಾರ್ಡು ಬಿದ್ದು ಬಿದ್ದು ನಕ್ಕಿತಂತೆ. ನೋವಿಗೆ ಮೂರು ದಿನದಿಂದ ಮಾತೇ ಬಿಟ್ಟಿದ್ದ ಡ್ರೈವರೂ ನಕ್ಕರಂತೆ. ಅದನ್ನು ಹೇಳುತ್ತಾ ನಿನ್ನ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ಆಮೇಲೆ, “ನಾಳೆ ಅವರನ್ನ ಮೊದಲ ಸಲ ಎಬ್ಬಿಸಿ ನಿಲ್ಲಿಸ್ತಾರೆ ತಾತ. ನಾನು ಅಲ್ಲಿರ್ಬೇಕು” ಅಂದಳು. ನನಗೆ ಆಗಲೇ ಗೊತ್ತಾಯಿತು, ಹುಡುಗಿ ನಮ್ಮ ಕೈ ಮೀರಿದಳು ಅಂತ.

ಸೊಂಟದ ಚಿಂತೆಯನ್ನು ನಾನೂ ಬಿಟ್ಟಿರಲಿಲ್ಲ. ಆದರೆ ಈಗ ಒಬ್ಬರೇ ಎತ್ತಲು ಬಿಡುವುದಿಲ್ಲವಂತೆ, ಇಬ್ಬರು ಸೇರಿ ಹಾಸಿಗೆಯ ಬಟ್ಟೆಯ ಸಮೇತ ಜರುಗಿಸಬೇಕಂತೆ. ನಿನಗೆ ಇದನ್ನೆಲ್ಲ ಯಾರು ಕಲಿಸಿದ್ದರು? ಮನೆಯಲ್ಲಿ ನಾನೇ ಅವಳ ರೋಗಿ. ನಾನು ಮಲಗಿರುವಾಗಲೇ ಕೆಳಗಿನ ಹಾಸಿಗೆ ಬಟ್ಟೆ ಬದಲಾಯಿಸಿದಳು ಕಣೆ, ನಿದ್ದೆ ಬರುವಷ್ಟು ಹಗುರವಾಗಿ. “ಪೇಷಂಟ್‌ಗಳು ಇಷ್ಟೊಂದು ಮಾತಾಡಲ್ಲ ತಾತ” ಅಂತ ಗದರಿದಳು. ಬಾಯಿಗೇನೂ ಆಗಿಲ್ಲವಲ್ಲ ನನಗೆ ಅಂದೆ.

ನಿನ್ನ ಸಂಕಟ ನನಗೆ ಅರ್ಥವಾಗುತ್ತದೆ ಮಗಳೇ. ಅವಳಿಗಾದರೂ ಕೂತು ಮಾಡುವ ಕೆಲಸ ಸಿಗಲಿ ಅಂತಲೇ ನೀನು ಅಷ್ಟು ದೂರ ಹೋಗಿ ದುಡಿಯುತ್ತಿದ್ದೀಯ. ಆದರೂ ಅವಳು ನಿನ್ನ ಕೆಲಸವನ್ನೇ ಕೇಳುತ್ತಿದ್ದಾಳೆ ಅಂದಾಗ, ನಿಜ ಹೇಳುತ್ತೇನೆ, ನನಗೆ ನಿನ್ನ ಮೇಲೆ ಹೆಮ್ಮೆ ಉಕ್ಕಿ ಬಂತು. ನಿನ್ನನ್ನು ಕಂಡೇ ಕಲಿತಿದ್ದಾಳೆ.

ಮೈ ಬೆಚ್ಚಗಿಟ್ಟುಕೋ, ಊಟ ತಪ್ಪಿಸಬೇಡ. ಆ ಅಜ್ಜಿಗೆ ನನ್ನ ನಮಸ್ಕಾರ ಹೇಳು, ಅದಕ್ಕೂ ಬೈದರೆ ನನ್ನ ಪಾಲಿನದನ್ನೂ ನೀನೇ ಕೇಳಿಸಿಕೋ. ನಿನ್ನ ಹೊಟ್ಟೆ ತಣ್ಣಗಿರಲಿ.

ಇತಿ ನಿನ್ನ
ಅಪ್ಪ

ಮರೆತ ಮಾತು: ಮರೆತದ್ದೇನಲ್ಲ, ಹೇಳುವುದಿಲ್ಲ ಅಂತ ಅವಳಿಗೆ ಮಾತು ಕೊಟ್ಟಿದ್ದೆ. ಮಾತು ತಪ್ಪುತ್ತಿದ್ದೇನೆ. ಅವಳು ಈಗ ಮೆಟ್ಟಿಲು ಹತ್ತಿ ಬರುತ್ತಾಳೆ, ಬೇಗ ಬರೆಯುತ್ತೇನೆ. ಹೋದ ತಿಂಗಳು ಸಕ್ಕರೆ ಕಾಯಿಲೆಯವರ ಪಾದ ನೋಡುವುದನ್ನು ಕಲಿತು ಬಂದು, ನನ್ನ ಕಣ್ಣಿಗೆ ಟವೆಲ್ ಕಟ್ಟಿ, “ದಾರದ ತುದಿ ಮುಟ್ಟಿಸಿದಾಗೆಲ್ಲ ಹೇಳು” ಅಂದಳು. ಎಡಗಾಲಿಗೆ ಸರಿಯಾಗಿ ಹೇಳಿದೆ. ಬಲಗಾಲಿಗೆ ಕಾದೆ, ಕಾದೆ. “ಶುರು ಮಾಡಮ್ಮಾ” ಅಂದೆ. “ಮುಗೀತು ತಾತ” ಅಂದು ಟವೆಲ್ ಬಿಚ್ಚಿದಳು. ಪಾದದಲ್ಲಿ ಮುರಿದ ಮಿಷನ್ ಸೂಜಿಯ ತುದಿ ಹೂತುಕೊಂಡು, ಸುತ್ತ ಕೀವಾಗಿತ್ತು. ನನಗೆ ತಿಳಿದೇ ಇರಲಿಲ್ಲ. ಡಾಕ್ಟರು ತೆಗೆದರು, ಇನ್ನು ಕೆಲವು ದಿನ ತಡವಾಗಿದ್ದರೆ ಕಾಲು ಉಳಿಸುವುದು ಕಷ್ಟವಿತ್ತು ಅಂದರು. ಈಗ ಗಾಯ ಮಾಯ್ದಿದೆ, ಹೆದರಬೇಡ, ದಿನಾ ಅವಳೇ ಪಾದ ನೋಡುತ್ತಾಳೆ. ಮಿಷನ್ ನಿಲ್ಲುತ್ತಿದ್ದದ್ದು ಪೆಡಲ್ ತುಳಿಯುವ ನನ್ನ ಈ ಜೋಮು ಹಿಡಿದ ಕಾಲಿನಿಂದ, ರಿಪೇರಿಯವನ ಕ್ಷಮೆ ಕೇಳಿ ಬಂದೆ. “ಅಮ್ಮಂಗೆ ಇದನ್ನ ಹೇಳಿ ಒಪ್ಪಿಸ್ಬೇಡ ತಾತ. ನನ್ನ ಕೆಲಸ ಇಷ್ಟ ಆಗಿ ಒಪ್ಕೋಬೇಕು ಅವಳು” ಅಂದಿದ್ದಾಳೆ. ಆದ್ದರಿಂದ ನಿನಗೆ ಇದು ಗೊತ್ತೇ ಇಲ್ಲ, ತಿಳಿಯಿತಾ? ವಾರ್ಡಿನವರದ್ದು ನೀಲಿ ಅಂಗಿ. ಬಟ್ಟೆ ತಂದು ಮೇಜಿನ ಮೇಲೆ ಹಾಸಿ ಗುರುತು ಹಾಕಿದ್ದೇನೆ, ಬಗ್ಗಿದರೆ ಎಳೆಯದಂತೆ ಬೆನ್ನಿಗೆ ಒಂದು ಮಡಿಕೆ ಹೆಚ್ಚೇ ಬಿಟ್ಟಿದ್ದೇನೆ. ಕತ್ತರಿ ಇನ್ನೂ ಹಾಕಿಲ್ಲ. ಫೋನ್ ನನಗೆ ಮಾಡಬೇಡ, ಅವಳಿಗೆ ಮಾಡು.