ಗೇಟು ಗುರುತಿಸದ ತಾಯಿ

ಗದಗ
30 ಫೆಬ್ರುವರಿ 2149, ಭಾನುವಾರ

ನೂರಿಪ್ಪತ್ತು ವರ್ಷ ಹಿಂದಿನವರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನಮ್ಮಲ್ಲಿ ಫೆಬ್ರುವರಿಗೂ ಮೂವತ್ತು ದಿನ. ನನ್ನ ಮಾತು ನಿಮಗೆ ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸಿ. ಹೆದರಿಕೊಂಡೇ ಬರೆಯುತ್ತಿದ್ದೇನೆ.

ನಾನು ಹೇಮಾವತಿ ಮುಳಗುಂದ, ಪಂಪ್ ರಿಪೇರಿ ಮಾಡುವವಳು. ನನ್ನ ಹೆಂಡತಿ ಕಸ್ತೂರಿ ಹಲ್ಲಿನ ಡಾಕ್ಟರು. ಮದುವೆಯಾಗಿ ಹದಿಮೂರು ವರ್ಷ. ಹೆಣ್ಣು ಹೆಣ್ಣನ್ನು, ಗಂಡು ಗಂಡನ್ನು ಮದುವೆಯಾಗಲು ಒಂದೊಂದೇ ದೇಶ ಒಪ್ಪುತ್ತ ಬಂದ ಕಾಲ ನಿಮ್ಮದು ಎಂದು ಶಾಲೆಯಲ್ಲಿ ಓದಿದ್ದೆವು. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತೆವು. ನಮ್ಮ ಮದುವೆಯಲ್ಲಿ ಜಗಳವಾದದ್ದು ಊಟಕ್ಕೆ ಗೋಧಿ ಹುಗ್ಗಿಯೋ ಹೋಳಿಗೆಯೋ ಎಂಬುದಕ್ಕೆ ಮಾತ್ರ.

ನಮ್ಮ ಕಾಲದಲ್ಲಿ ಎಲ್ಲರ ಅಂಗೈಯ ಚರ್ಮದೊಳಗೆ ಅಕ್ಕಿಕಾಳಿನಷ್ಟು ಒಂದು ಗುರುತು ಇರುತ್ತದೆ. ಅಂಗೈಚೀಟಿ ಎನ್ನುತ್ತೇವೆ. ಯಾರು ಯಾರ ಹೆಂಡತಿ, ಯಾರ ಮಗು ಎಂಬುದೆಲ್ಲ ಅದರಲ್ಲಿದೆ. ಶಾಲೆಯ ಗೇಟು ತೆರೆಯುವುದೂ ಹೆತ್ತವರ ಅಂಗೈ ಮುಟ್ಟಿದರೆ ಮಾತ್ರ. ಕಳೆದ ತಿಂಗಳು ಹೊಸ ಸರ್ಕಾರ ನಮ್ಮಂಥ ಮನೆಗಳ ದಾಖಲೆಗಳ ಮರುಪರಿಶೀಲನೆಗೆ ಆದೇಶ ಹೊರಡಿಸಿತು. ಕಾಗದ ಇನ್ನೊಮ್ಮೆ ನೋಡುತ್ತಾರೆ, ಅಷ್ಟೇ, ಎಂದುಕೊಂಡು ಸುಮ್ಮನಿದ್ದೆವು.

ಮಂಗಳವಾರ ಮಧ್ಯಾಹ್ನ ಕಸ್ತೂರಿ ಮಗಳನ್ನು ಕರೆತರಲು ಹೋಗಿ ಅಂಗೈ ಇಟ್ಟಳು. ಗೇಟು ತೆರೆಯಲಿಲ್ಲ. ಸೆರಗಿಗೆ ಒರೆಸಿಕೊಂಡು ಮತ್ತೆ ಇಟ್ಟಳು. ಸರಳಿನಾಚೆ ಎಂಟು ವರ್ಷದ ಚಿನ್ಮಯಿ ಚೀಲ ಹೆಗಲಿಗೇರಿಸಿ ನಿಂತಿದ್ದಳು. ಕಾವಲಿನ ಶಿವಲೀಲಾ ಮೂರು ವರ್ಷದಿಂದ ಕಸ್ತೂರಿಯನ್ನು ಬಲ್ಲವಳು. “ಡಾಕ್ಟರಮ್ಮಾರ, ಇದು ನಿಮ್ಮನ್ನ ಹೊರಗಿನವರು ಅಂತೈತ್ರಿ. ನಾ ಏನ್ ಮಾಡ್ಲಿ?” ಎಂದಳಂತೆ, ಮುಖ ನೋಡದೆ. ನಾನು ಓಡಿಹೋಗಿ ನನ್ನ ಅಂಗೈ ಇಟ್ಟು ಗೇಟು ತೆರೆಸುವವರೆಗೆ ಒಂದು ಗಂಟೆ ತಾಯಿ ಮಗಳು ಸರಳಿನ ಸಂದಿಯಲ್ಲೇ ಕೈ ಹಿಡಿದು ಕೂತಿದ್ದರು.

ಮರುದಿನ ನೋಂದಣಿ ಕಚೇರಿಯ ಗುಮಾಸ್ತ ಒಂದು ಹಾಳೆ ಮುಂದಿಟ್ಟ. ತಾಯಿಯ ಹೆಸರು ಬರೆಯಲು ಅದರಲ್ಲಿ ಒಂದೇ ಖಾಲಿ ಗೆರೆ.

“ಹಡದವ್ರು ನೀವಲ್ರಿ? ನೀವ ಸಹಿ ಮಾಡ್ರಿ, ಕೂಸು ನಿಮ್ಮ ಕಡೆ ಉಳೀತೈತಿ. ಇಲ್ಲಾಂದ್ರ ಸೋಮವಾರ ಬಾಲಮಂದಿರಕ್ಕ.”

ಕಸ್ತೂರಿಯೇ ಪೆನ್ನು ನನ್ನ ಕೈಗಿಟ್ಟಳು. “ಹಾಕಿಬಿಡು ಹೇಮಾ. ಕೂಸರೆ ಮನ್ಯಾಗ ಉಳೀಲಿ.”

‘ಹೇ’ ಎಂದಷ್ಟೇ ಬರೆದೆ. ಮುಂದಿನ ಅಕ್ಷರ ಮೂಡಲಿಲ್ಲ. ಅದು ಧೈರ್ಯವಲ್ಲ. ಕಸ್ತೂರಿಯನ್ನು ನನ್ನ ಕೈಯಾರೆ ಅಳಿಸುತ್ತಿದ್ದೇನೆ ಎಂಬ ಭಯ, ಮಗಳನ್ನು ಒಯ್ದಾರೆಂಬ ಭಯಕ್ಕಿಂತ ದೊಡ್ಡದಾಯಿತು. ಹಾಳೆ ಮಡಚಿಕೊಂಡು ಎದ್ದುಬಂದೆವು.

ಊರಿನಲ್ಲಿ ನಮ್ಮಂಥ ನಲವತ್ತು ಮನೆಗಳಿವೆ. ಹನ್ನೊಂದು ಮನೆಯವರು ಸಹಿ ಹಾಕಿದ್ದಾರೆ. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಉಳಿದವರು ನಾಳೆ ಮಕ್ಕಳನ್ನು ಕರೆದುಕೊಂಡು ಕಚೇರಿಯೆದುರು ಕೂರುತ್ತೇವೆ. ಪೊಲೀಸರು ಬರುತ್ತಾರೆ ಎಂಬ ಸುದ್ದಿಯಿದೆ.

ನಿಮ್ಮಲ್ಲೊಂದು ಕೇಳಿಕೆ. ಇಂಥ ಮದುವೆಗೆ ಒಂದು ದೇಶ ಹೌದೆಂದ ದಿನ ಕುಣಿಯಿರಿ, ಸಿಹಿ ಹಂಚಿರಿ. ಮರುದಿನ ಆ ಕಾನೂನನ್ನು ಕೂತು ಓದಿ. ಅದನ್ನು ಹಿಂದಕ್ಕೆ ಪಡೆಯಲು ಎಷ್ಟು ಜನರ ಒಪ್ಪಿಗೆ ಬೇಕು ಎಂದು ನೋಡಿ. ನಮ್ಮಲ್ಲಿ ಒಬ್ಬ ಮಂತ್ರಿಯದು ಸಾಕಾಯಿತು.

ಇದನ್ನು ಬರೆಯುತ್ತಿರುವಾಗಲೇ ಚಿನ್ಮಯಿ ಬಂದು ಕೇಳಿದಳು: “ಅವ್ವಾ, ನಾಳೆ ಚೀಲದಾಗ ಅರಿವಿ ಇಟ್ಕೊಳ್ಳೇನು?”

ಬೇಡವೆಂದೆ. ಅವಳು ಒಳಗೆ ಹೋಗಿ ಒಂದು ಜೊತೆ ಬಟ್ಟೆ ಮಡಚಿ ಇಟ್ಟುಕೊಂಡಿದ್ದಾಳೆ.

ಹೇಮಾವತಿ