ಕತ್ತಿ ಕೆಳಗಿಡದ ಹುಡುಗಿ

ಮಾರ್ಚ್ ೧೪, ಗುರುವಾರ

ಪ್ರೀತಿಯ ಮೊಂಡಿ,

ಐದು ವರ್ಷದ ಮೇಲೆ ಅಕ್ಕನ ಕಾಗದ ಬಂತೆಂದು ಹುಬ್ಬೇರಿಸಬೇಡ. ಬೇರೆಯವರ ಬಾಯಿಂದ ನಿನ್ನ ಕಿವಿಗೆ ಬೀಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಸೋಮವಾರದಿಂದ ಸ್ಟುಡಿಯೋದಲ್ಲಿ ನಿನ್ನ ಕುರ್ಚಿಯಲ್ಲಿ ಕೂರುತ್ತಿರುವವಳು ನಾನು. ನಿನ್ನ ಕಾರ್ಟೂನ್ ಧಾರಾವಾಹಿಯ ಕತ್ತಿಹುಡುಗಿಯ ಕೊನೆಯ ಕಂತು ನನ್ನ ಕೈಯಲ್ಲಿದೆ.

ಅವಳು ಹುಟ್ಟಿದ್ದು ನಮ್ಮ ಅಡುಗೆಮನೆಯ ಮೇಜಿನ ಮೇಲೆ, ನಾವಿಬ್ಬರೂ ಜಪಾನಿನ ಅನಿಮೆ ಕಾರ್ಟೂನು ನೋಡುತ್ತಾ ಊಟ ಮರೆಯುತ್ತಿದ್ದ ಕಾಲದಲ್ಲಿ. ತನ್ನ ಊರನ್ನು ಸುಟ್ಟ ಸೇನಾಪತಿಯನ್ನು ಹುಡುಕಿಕೊಂಡು ಹೊರಟವಳು, ಅವನು ಸಿಕ್ಕಾಗ ಕತ್ತಿ ಕೆಳಗಿಡುತ್ತಾಳೆ. ಅದು ನನ್ನ ಕಥೆ. ನೀನು ನಕ್ಕಿದ್ದೆ. "ಅಕ್ಕಾ, ಕ್ಷಮಿಸೋಳನ್ನ ನೋಡ್ತಾ ಜನ ಆಕಳಿಸ್ತಾರೆ. ಕೊಲ್ಲೋಳು ಬಂದ್ರೆ ಎದ್ದು ಕೂರ್ತಾರೆ" ಅಂದಿದ್ದೆ. ಆಮೇಲೆ ನಾನು ಎರಡು ವರ್ಷ ಅಮ್ಮನ ಹಾಸಿಗೆಯ ಪಕ್ಕ ಕೂತೆ. ನೀನು ಕತ್ತಿಹುಡುಗಿಯನ್ನು ಕರೆದುಕೊಂಡು ಸ್ಟುಡಿಯೋಗೆ ಹೋದೆ. ಅಮ್ಮ ತೀರಿಕೊಂಡ ವಾರವೇ ಮೊದಲ ಕಂತು ಬಂತು. ಅದರಲ್ಲಿ ನಿನ್ನ ಕತ್ತಿಹುಡುಗಿ ಶರಣಾದವರನ್ನೂ ಕೊಲ್ಲದೆ ಬಿಡಲಿಲ್ಲ. ಜನ ಹುಚ್ಚೆದ್ದು ನೋಡಿದರು. ಕಂತಿನ ಕೊನೆಯಲ್ಲಿ 'ಕಥೆ' ಎಂಬುದರ ಮುಂದೆ ಇದ್ದದ್ದು ನಿನ್ನೊಬ್ಬಳ ಹೆಸರು.

ಫೋನ್ ಮಾಡಿ ಕೇಳಿದ್ದಕ್ಕೆ, "ನಿನ್ನ ಹುಡುಗಿ ತುಂಬಾ ಒಳ್ಳೇವಳು ಅಕ್ಕಾ, ಅದಕ್ಕೇ ಮನೇಲೇ ಉಳಿದ್ಲು" ಎಂದೆ. ಅವತ್ತು ಫೋನ್ ಇಟ್ಟವಳು ಐದು ವರ್ಷ ಆ ಮಾತನ್ನು ಮರೆಯಲಿಲ್ಲ.

ಹೋದ ತಿಂಗಳು ನಿನ್ನ ನಿರ್ದೇಶಕರೇ ಮನೆಗೆ ಬಂದರು. ಕಥೆ ನನ್ನದೆಂದು ಗೊತ್ತಾಯಿತಂತೆ, ನಿನ್ನನ್ನು ತೆಗೆದರಂತೆ. ಅವರಿಗೆ ಹೇಗೆ ತಿಳಿಯಿತೆಂದು ನಾನು ಕೇಳಲಿಲ್ಲ. ನಿಜವನ್ನು ಎಷ್ಟು ದಿನ ಮುಚ್ಚಿಡಲು ಆಗುತ್ತದೆ ಹೇಳು?

ಸೋಮವಾರ ನಾನು ಹೋದಾಗ ಸ್ಟುಡಿಯೋದ ಮೇಜಿನ ಮೇಲೆ ನಿನ್ನ ಹಿಡಿ ಮುರಿದ ಲೋಟ ಇನ್ನೂ ಇತ್ತು. ಬಣ್ಣ ಹಾಕುವಾಕೆ ಮೆಲ್ಲಗೆ, "ಅವ್ರು ಯಾವಾಗ ವಾಪಸ್ ಬರ್ತಾರೆ?" ಎಂದು ಕೇಳಿದಳು. "ಬರಲ್ಲ" ಎಂದೆ. ಹೇಳುವಾಗ ಬಾಯಿ ಸಿಹಿಯಾಯಿತು.

ನಾನು ಬಂದೆನೆಂದರೆ ಕೊನೆಯಲ್ಲಿ ಕರುಣೆ ಗೆಲ್ಲುತ್ತದೆ ಎಂದು ಎಲ್ಲರ ಲೆಕ್ಕಾಚಾರ. ನನ್ನದೂ ಅದೇ ಆಗಿತ್ತು. ಮೂರು ದಿನ ಅದನ್ನೇ ಬಿಡಿಸಿದೆ: ಮಂಡಿಯೂರಿದ ಸೇನಾಪತಿ, ಎದುರಿಗೆ ಅವಳು. ಎಷ್ಟು ಅಳಿಸಿ ಬರೆದರೂ ಕತ್ತಿ ಹಿಡಿದ ಅವಳ ಬೆರಳು ಸಡಿಲವಾಗಲಿಲ್ಲ. ಇವತ್ತು ಬೆಳಿಗ್ಗೆ ಬೇರೆಯೇ ಬರೆದೆ. ಅವಳು ಅವನನ್ನು ಕೊಲ್ಲುವುದಿಲ್ಲ. ಅವನ ಪೀಠದ ಮೇಲೆ ತಾನು ಕೂತು, ಅವನ ಸೈನಿಕರ ಬಾಯಿಂದಲೇ "ಇವನ್ಯಾರೋ ನಮಗೆ ಗೊತ್ತಿಲ್ಲ" ಎಂದು ಹೇಳಿಸುತ್ತಾಳೆ. ಸೇನಾಪತಿಗೆ ನಿನ್ನ ಎಡಗಣ್ಣಿನ ಕೆಳಗಿನ ಮಚ್ಚೆ ಇಟ್ಟಿದ್ದೇನೆ.

ನಿರ್ದೇಶಕರು ಹಾಳೆಗಳನ್ನು ಎರಡು ಸಲ ತಿರುವಿ ನೋಡಿದರು. "ನಿಮ್ಮ ತಂಗಿ ಕೂಡ ಇಷ್ಟು ಕ್ರೂರವಾಗಿ ಬರೀಲಿಲ್ಲ" ಎಂದರು. ಹೊಗಳಿಕೆ ಎಂದೇ ತೆಗೆದುಕೊಂಡೆ.

ಕಂತು ಬರುವ ದಿನ ಎಲ್ಲಿಗೂ ಹೋಗಬೇಡ, ಕೂತು ನೋಡು.

ಇಂತಿ,
ನಿನ್ನ ಒಳ್ಳೆಯ ಅಕ್ಕ

ತಾ.ಕ.: ಕತ್ತಿಹುಡುಗಿಯನ್ನು ನಾವಿಬ್ಬರೂ ಮೊದಲು ಬಿಡಿಸಿದ ನಮ್ಮ ಹಳೆಯ ಚಿತ್ರದ ಪುಸ್ತಕವನ್ನು ಸ್ಟುಡಿಯೋಗೆ ಅಂಚೆಯಲ್ಲಿ ಕಳಿಸಿದವಳು ನಾನೇ. ಅದರ ಅರ್ಧ ಪುಟಗಳಲ್ಲಿ ಕಥೆ ನಿನ್ನ ಕೈಬರಹದಲ್ಲಿತ್ತು. ಆ ಪುಟ ಒಂದೊಂದನ್ನೂ ಬ್ಲೇಡಿನಿಂದ ಕೊಯ್ದು ತೆಗೆದೇ ಕಳಿಸಿದೆ.